ಅಮೆರಿಕದ ದಕ್ಷಿಣ ಸೀಮೆಯ ಅಡುಗೆಮನೆ

ಜೋಳದ ರೊಟ್ಟಿಯನ್ನುಂಡು ಬೆಳೆದ ನಮ್ಮ ಅಕ್ಕಲಕೋಟೆ ಸೀಮೆಯ ಮಕ್ಕಳಿಗೆ ಜೋಳದ ದಂಟಿನ ಸವಿಯನ್ನು ಯಾರೂ ಕಲಿಸಬೇಕಾಗಿಲ್ಲ. ಹೊಲಕ್ಕೆ ಹೋದ ಹುಡುಗನು ಸಿಹಿಯಾದ ದಂಟೊಂದನ್ನು ಹುಡುಕಿ, ಸಿಪ್ಪೆ ಸುಲಿದು, ಕಬ್ಬಿನಂತೆ ಅಗಿಯುತ್ತಾನೆ. ಆದರೆ ಇದೇ ದಂಟನ್ನು ಗಾಣಕ್ಕೆ ಕೊಟ್ಟು, ರಸ ತೆಗೆದು, ಕಾಸಿ, ವರ್ಷವಿಡೀ ಉಣ್ಣುವ ಜನರು ಭೂಮಿಯ ಮತ್ತೊಂದು ಮಗ್ಗುಲಲ್ಲಿರುವರೆಂದು ನಾಲ್ಕನೆಯ ಇಯತ್ತೆಯಲ್ಲಿ ನಾವು ಹೇಳಿದಾಗ ಮಕ್ಕಳು ನಕ್ಕರು. ಒಬ್ಬ ಹುಡುಗ ಮಾತ್ರ ಎದ್ದು ನಿಂತು, "ಗುರುಗಳ, ಅವರಿಗೆ ಜ್ವಾಳ ಕೊಟ್ಟವರು ಯಾರ್ರಿ?" ಎಂದು ಕೇಳಿದನು. ಪ್ರಶ್ನೆಯು ಚಿಕ್ಕದು, ಉತ್ತರವನ್ನು ಅರಸಹೊರಟ ನಮಗಾದರೋ ಒಂದು ನಾಡಿನ ಇತಿಹಾಸವೇ ಎದುರಾಯಿತು.

ಅಮೆರಿಕದ ಜನರು 'ದಕ್ಷಿಣ' ಎಂದರೆ ಅದು ಬರಿಯ ದಿಕ್ಕಲ್ಲ. ವರ್ಜೀನಿಯ, ಎರಡು ಕ್ಯಾರೊಲೈನಗಳು, ಜಾರ್ಜಿಯ, ಅಲಬಾಮ, ಮಿಸಿಸಿಪಿ, ಟೆನೆಸಿ, ಲೂಸಿಯಾನ ಮೊದಲಾದ ರಾಜ್ಯಗಳು ಸೇರಿದ ಒಂದು ಸೀಮೆ ಅದು. ಹತ್ತಿ, ಹೊಗೆಸೊಪ್ಪು, ಭತ್ತಗಳ ದೊಡ್ಡ ತೋಟಗಳೂ ಆ ತೋಟಗಳಲ್ಲಿ ದುಡಿದ ಗುಲಾಮರೂ ಅದರ ಚರಿತ್ರೆಯನ್ನು ರೂಪಿಸಿದರು. 1619ರಲ್ಲಿ ವರ್ಜೀನಿಯದ ಇಂಗ್ಲಿಷ್ ವಸಾಹತಿಗೆ ಆಫ್ರಿಕದ ಬಂದಿಗಳನ್ನು ಮೊದಲು ತಂದು ಇಳಿಸಲಾಯಿತು. ಗುಲಾಮಗಿರಿಯು ಕಾನೂನಿನಿಂದ ಅಳಿದದ್ದು 1865ರಲ್ಲಿ. ಈ ಎರಡು ವರ್ಷಗಳ ನಡುವಣ ಕಾಲದಲ್ಲಿಯೇ ದಕ್ಷಿಣದ ಅಡುಗೆಯು ಹದಗೊಂಡಿತು.

ಅಡುಗೆಯ ಮೂಲದ್ರವ್ಯಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಗೋವಿನಜೋಳವು ಆ ನೆಲದ ಮೂಲನಿವಾಸಿಗಳದು. ಹಂದಿಯನ್ನು ತಂದವರು ಯುರೋಪಿಯನ್ನರು. ಅಲಸಂದಿಯು ಆಫ್ರಿಕದ ಕಾಳು. ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮ ನಾಡಿಗೂ ಬಂದಿತ್ತು. ಅಲ್ಲಿಯವರು ಹೊಸವರ್ಷದ ಮೊದಲ ದಿನ ಅಲಸಂದಿಯನ್ನೂ ಅನ್ನವನ್ನೂ ಕೂಡಿಸಿ ಬೇಯಿಸಿ ಉಂಡರೆ ಶುಭವೆಂದು ನಂಬುತ್ತಾರೆ. ಬೆಂಡೆಕಾಯಿಗೆ ಇಂಗ್ಲಿಷಿನಲ್ಲಿರುವ 'ಓಕ್ರ' ಎಂಬ ಹೆಸರೂ, ಲೂಸಿಯಾನದ ಪ್ರಸಿದ್ಧ ಸಾರಾದ 'ಗಂಬೊ' ಎಂಬ ಹೆಸರೂ ಆಫ್ರಿಕದ ನುಡಿಗಳಿಂದ ಬಂದವು. ಎಳ್ಳನ್ನು ಕ್ಯಾರೊಲೈನದಲ್ಲಿ 'ಬೆನ್ನೆ' ಎನ್ನುತ್ತಾರೆ; ನಮ್ಮ ಬೆಣ್ಣೆಗೂ ಅದಕ್ಕೂ ಏನೂ ಸಂಬಂಧವಿಲ್ಲ, ಅದೂ ಪಶ್ಚಿಮ ಆಫ್ರಿಕದ ಮಾತೇ. ಕೈಗೆ ಕೋಳ ತೊಡಿಸಿ ತಂದವರ ನಾಲಗೆಯ ಮೇಲೆ ಈ ಹೆಸರುಗಳು ಸಮುದ್ರವನ್ನು ದಾಟಿದವು.

ಗುಲಾಮರಿಗೆ ಸಿಗುತ್ತಿದ್ದ ಪಡಿ ಎಷ್ಟು? ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸನು 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ: ತಿಂಗಳಿಗೆ 8 ಪೌಂಡು ಹಂದಿಯ ಮಾಂಸ ಅಥವಾ ಅಷ್ಟರ ಬದಲಿಗೆ ಮೀನು, ಮತ್ತು ಒಂದು ಬುಷೆಲ್ ಗೋವಿನಜೋಳದ ಹಿಟ್ಟು. ಹಿಟ್ಟನ್ನು ನೀರಿನಲ್ಲಿ ಕಲಸಿ, ತಟ್ಟಿ, ಒಲೆಯ ಬೂದಿಯಲ್ಲಿಯೋ ಕಬ್ಬಿಣದ ಮೇಲೆಯೋ ಸುಟ್ಟುಕೊಳ್ಳುತ್ತಿದ್ದರು. ಮನೆಯ ಹಿಂದಿನ ತುಂಡುನೆಲದಲ್ಲಿ ಬೆಳೆದ ಸೊಪ್ಪು, ಅದನ್ನು ಬೇಯಿಸಿದ ಕಟ್ಟು ಜೊತೆಗೆ. ಇಂದು ಉತ್ತಮ ಭೋಜನಗೃಹಗಳಲ್ಲಿ ಬೆಲೆಬಾಳುವ ಪಂಕ್ತಿಯೂಟವಾಗಿರುವುದು ಬಹುಮಟ್ಟಿಗೆ ಇದೇ.

ಒಡೆಯನ ಅಡುಗೆಮನೆಯಲ್ಲಿ ದುಡಿದವರೂ ಅವರೇ ಆಗಿದ್ದರು. ಮುಂದೆ ರಾಷ್ಟ್ರಾಧ್ಯಕ್ಷನಾದ ಥಾಮಸ್ ಜೆಫರ್ಸನನು 1784ರಲ್ಲಿ ಪ್ಯಾರಿಸಿಗೆ ಹೋಗುವಾಗ ಜೇಮ್ಸ್ ಹೆಮಿಂಗ್ಸ್ ಎಂಬ ತನ್ನ ಗುಲಾಮನನ್ನು ಫ್ರೆಂಚ್ ಪಾಕವಿದ್ಯೆ ಕಲಿಸಲೆಂದು ಕರೆದೊಯ್ದನು. ಹೆಮಿಂಗ್ಸನು ನಿಪುಣನಾಗಿ ಮರಳಿದನು. ಬಿಡುಗಡೆಯನ್ನು ಕೇಳಿದಾಗ, ಮತ್ತೊಬ್ಬನಿಗೆ ವಿದ್ಯೆಯನ್ನು ಕಲಿಸಿಕೊಟ್ಟ ಮೇಲೆ ಬಿಡುವೆನೆಂದು ಒಡೆಯನು ಕರಾರು ಹಾಕಿದನು. ತನ್ನ ತಮ್ಮ ಪೀಟರನಿಗೇ ಅದನ್ನು ಕಲಿಸಿ, ಅವನನ್ನು ಅದೇ ಒಲೆಯ ಮುಂದೆ ನಿಲ್ಲಿಸಿ, 1796ರಲ್ಲಿ ಜೇಮ್ಸನು ಸ್ವತಂತ್ರನಾಗಿ ಹೊರನಡೆದನು. ಹೋಗುವ ಮುಂಚೆ ಅಡುಗೆಮನೆಯ ಪಾತ್ರೆಪಡಗಗಳ ಪಟ್ಟಿಯೊಂದನ್ನು ತನ್ನ ಕೈಯಿಂದಲೇ ಬರೆದಿಟ್ಟನು. ಅದು ಈಗಲೂ ಉಳಿದಿದೆ. ಆ ಪಟ್ಟಿಯ ಸಂಗತಿಯನ್ನು ಓದಿದಾಗ ನಾವು ತುಸು ಹೊತ್ತು ಮುಂದೆ ಓದಲಾರದೆ ಹೋದೆವು. ತನ್ನ ತಮ್ಮನನ್ನು ಬಿಟ್ಟುಹೋಗುವವನು ಒಂದೊಂದು ಪಾತ್ರೆಯನ್ನೂ ಎಣಿಸಿ ಬರೆದಿದ್ದಾನೆ.

ಹೀಗೆ ಬರೆದಿಡುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ದಕ್ಷಿಣದ ಹಲವು ರಾಜ್ಯಗಳು ಕಾನೂನಿನಿಂದಲೇ ನಿಷೇಧಿಸಿದ್ದವು. 1824ರಲ್ಲಿ ಮೇರಿ ರ‍್ಯಾಂಡಾಲ್ಫ್ ಎಂಬ ವರ್ಜೀನಿಯದ ಕುಲೀನ ಸ್ತ್ರೀ ಪ್ರಕಟಿಸಿದ ಪಾಕಶಾಸ್ತ್ರದಲ್ಲಿ ಬೆಂಡೆಯ ಸಾರು ಬರುತ್ತದೆ. ಅದನ್ನು ಕುದಿಸುತ್ತಿದ್ದ ಕೈಗಳ ಹೆಸರು ಬರುವುದಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಆಬಿ ಫಿಶರ್ ಎಂಬಾಕೆಯ ಪುಸ್ತಕವು 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಚ್ಚಾಯಿತು. ಆಕೆಗೆ ಓದುಬರಹ ಬಾರದು. ಆಕೆ ಹೇಳುತ್ತ ಹೋದಳು, ಇತರರು ಬರೆದುಕೊಂಡರು.

ಎಡ್ನ ಲೂಯಿಸಳ ಕಾಲಕ್ಕೆ ಪರಿಸ್ಥಿತಿ ಬದಲಾಗಿತ್ತು. ಆಕೆ 1916ರಲ್ಲಿ ವರ್ಜೀನಿಯದ ಫ್ರೀಟೌನ್ ಎಂಬ ಹಳ್ಳಿಯಲ್ಲಿ ಜನಿಸಿದಳು. ಬಿಡುಗಡೆ ಹೊಂದಿದ ಗುಲಾಮರು ಕಟ್ಟಿಕೊಂಡ ಊರು ಅದು; ಸ್ಥಾಪಕರಲ್ಲಿ ಆಕೆಯ ಅಜ್ಜನೂ ಒಬ್ಬ. ಅಲ್ಲಿಯ ಮೊದಲ ಶಾಲೆ ನಡೆದದ್ದು ಆ ಅಜ್ಜನ ಮನೆಯ ಪಡಸಾಲೆಯಲ್ಲಿ. 1976ರಲ್ಲಿ ಆಕೆ ಬರೆದ 'ಹಳ್ಳಿಯಡುಗೆಯ ರುಚಿ' ಎಂಬರ್ಥದ ಹೆಸರಿನ ಪುಸ್ತಕವು ಋತುಗಳ ಕ್ರಮದಲ್ಲಿ ಸಾಗುತ್ತದೆ: ವಸಂತದ ಎಳೆಸೊಪ್ಪು, ಒಕ್ಕಲಿನ ದಿನ ಊರಿಗೆಲ್ಲ ಮಾಡುವ ಊಟ, ಚಳಿಗಾಲದಲ್ಲಿ ಹಂದಿಯನ್ನು ಕೊಯ್ದು ಉಪ್ಪು ಹಚ್ಚಿ ಹೊಗೆಯಲ್ಲಿ ಕಟ್ಟುವ ಕೆಲಸ. ಅಳತೆಯ ಚಮಚೆಗಳಿಲ್ಲದ ಆ ಮನೆಗಳಲ್ಲಿ ರೊಟ್ಟಿ ಉಬ್ಬಿಸುವ ಪುಡಿಯನ್ನು ನಾಣ್ಯದ ಮೇಲಿಟ್ಟು ಅಳೆಯುತ್ತಿದ್ದರಂತೆ. ನಮ್ಮ ಮನೆಯ ಹಿರಿಯರ ಚಿಟಿಕೆ, ಹಿಡಿ, ಬೊಗಸೆಗಳನ್ನು ಬಲ್ಲ ವಾಚಕರಿಗೆ ಇದರಲ್ಲಿ ಆಶ್ಚರ್ಯವಿರಲಾರದು.

ಬರೆದಿಡದ ವಿದ್ಯೆಯನ್ನು ಕೀಳೆಂದು ಬಗೆದರೆ ಏನಾಗುವುದೆಂಬುದಕ್ಕೆ ಗೋವಿನಜೋಳದ ಕಥೆಯು ಸಾಕ್ಷಿ. ಮೂಲನಿವಾಸಿ ಸ್ತ್ರೀಯರು ಕಾಳನ್ನು ಬೂದಿನೀರಿನಲ್ಲಿ ಕುದಿಸಿ, ಸಿಪ್ಪೆ ಕಳಚಿ, ತೊಳೆದು, ಬಳಿಕ ಬಳಸುತ್ತಿದ್ದರು. ಬಂದವರು ಆ ತಿನಿಸನ್ನು ಕಲಿತರಾದರೂ ದಿನದಿನದ ಹಿಟ್ಟನ್ನು ಬೂದಿನೀರು ಮುಟ್ಟಿಸದೆಯೇ ಬೀಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಯಂತ್ರದಲ್ಲಿ ಬೀಸಿದ ಹಿಟ್ಟು, ಹಂದಿಯ ಕೊಬ್ಬು ಮತ್ತು ಕಾಕಂಬಿಯಲ್ಲಿಯೇ ದಿನ ತಳ್ಳುತ್ತಿದ್ದ ಗಿರಣಿಯ ಕೂಲಿಗಳಲ್ಲಿಯೂ ಬಡ ಒಕ್ಕಲುಗಳಲ್ಲಿಯೂ ಪೆಲ್ಲಾಗ್ರ ಎಂಬ ರೋಗವು ಹಬ್ಬಿತು. ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಮರಣ. ಇದು ಅಂಟುರೋಗವೆಂದೇ ಹಲವು ವೈದ್ಯರ ವಾದ. 1914ರಲ್ಲಿ ಸರಕಾರದಿಂದ ನಿಯುಕ್ತನಾದ ಡಾ. ಜೋಸೆಫ್ ಗೋಲ್ಡ್‌ಬರ್ಗರನು ಇದು ಆಹಾರದ ಕೊರತೆಯೆಂದು ತೋರಿಸಿಕೊಟ್ಟನು. ಆ ಕೊರತೆಯ ದ್ರವ್ಯ ನಯಾಸಿನ್ ಎಂಬುದು 1937ರಲ್ಲಿ ತಿಳಿಯಿತು. ಕಾಳಿನಲ್ಲಿ ಬಂಧಿತವಾಗಿರುವ ಇದೇ ದ್ರವ್ಯವನ್ನು ಬೂದಿನೀರು ಬಿಡಿಸಿಕೊಡುತ್ತಿತ್ತು. ಲಕ್ಷಾಂತರ ಜನ ನರಳಿದ ಮೇಲೆ ಪ್ರಯೋಗಶಾಲೆಯು ಆ ಸ್ತ್ರೀಯರ ಗಡಿಗೆಯ ಬಳಿಗೆ ಬಂದಿತು!

ಇದು ನಮಗೆ ದೂರದ ಮಾತಲ್ಲ. ನೀಲಗಿರಿಯ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು, ಜೋಳವೊಂದನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿಯೂ ಪೆಲ್ಲಾಗ್ರವನ್ನು ಕಂಡರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ಕಾರಣವೆಂದು 1960ರಲ್ಲಿ ಸೂಚಿಸಿದರು; ಆ ವಾದವು ಬಹುಕಾಲ ಚರ್ಚೆಗೊಳಗಾಯಿತು. ರೊಟ್ಟಿಯ ಮಗ್ಗುಲಿಗೆ ಶೇಂಗಾದ ಹಿಂಡಿಯನ್ನು ಇಡುವ ನಮ್ಮ ರೂಢಿಯನ್ನು ಇಲ್ಲಿ ನೆನೆಯಬೇಕು. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ.

ಇನ್ನು ಹುಡುಗನ ಪ್ರಶ್ನೆ. ಜೋಳವು ಮೊದಲು ಬೆಳೆಯಾದದ್ದು ಆಫ್ರಿಕದಲ್ಲಿ. ನಮಗೂ ಅಮೆರಿಕಕ್ಕೂ ಅದನ್ನು ಕೊಟ್ಟದ್ದು ಆ ಖಂಡವೇ. ಗುಲಾಮರ ಕಾಲದಲ್ಲಿ ಕಾಳುಜೋಳವು 'ಗಿನಿಯ ಕಾಳು' ಎಂಬ ಹೆಸರಿನಿಂದ ಹೋಗಿತ್ತು. ಸಿಹಿದಂಟಿನ ತಳಿಗಳಾದರೋ 1850ರ ದಶಕದಲ್ಲಿ ಚೀನದಿಂದ ಫ್ರಾನ್ಸಿನ ಮಾರ್ಗವಾಗಿಯೂ ದಕ್ಷಿಣ ಆಫ್ರಿಕದಿಂದಲೂ ಬಂದವು. ಗುಲಾಮರು ಬೆಳೆದ ಕಬ್ಬಿನ ಸಕ್ಕರೆಯನ್ನು ಒಲ್ಲದ ಉತ್ತರದವರೂ ಆಗ ಅದನ್ನು ಆದರಿಸಿದರು. ಈಗ ಅದರ ಪಾಕಕ್ಕೆ ಹೆಸರಾದವು ಟೆನೆಸಿ, ಕೆಂಟಕಿಗಳ ಬೆಟ್ಟದ ಹಳ್ಳಿಗಳು. ತೆನೆ ಕೊಯ್ದು, ಎಲೆ ಸವರಿ, ದಂಟನ್ನು ಗಾಣಕ್ಕೆ ಕೊಡುತ್ತಾರೆ. ಮೊದಲು ಹೇಸರಗತ್ತೆ ಗಾಣ ಸುತ್ತುತ್ತಿತ್ತು, ಈಗ ಬಹುಪಾಲು ಯಂತ್ರ. ಅಗಲವಾದ, ಆಳವಿಲ್ಲದ ಬಾಣಲೆಯಲ್ಲಿ ರಸ ಕುದಿಯುವಾಗ ಹಸಿರು ನೊರೆಯನ್ನು ತೆಗೆಯುತ್ತಲೇ ಇರಬೇಕು. ಹತ್ತು ಕೊಡ ರಸಕ್ಕೆ ಸುಮಾರು ಒಂದು ಕೊಡ ಪಾಕ. ಇಳಿಸುವ ಹೊತ್ತನ್ನು ಹಳಬರು ಗುಳ್ಳೆಯ ಗಾತ್ರದಿಂದ ತಿಳಿಯುತ್ತಾರೆ.

ಇಂಥ ಹಳಬರ ಕಸುಬುಗಳನ್ನು ಜಾರ್ಜಿಯದ ರೇಬನ್ ಜಿಲ್ಲೆಯ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು 1966ರಿಂದ ಕೇಳಿ ಬರೆದುಕೊಳ್ಳತೊಡಗಿದರು. ತಮ್ಮ ಪತ್ರಿಕೆಗೆ 'ಫಾಕ್ಸ್‌ಫೈರ್' ಎಂದು ಹೆಸರಿಟ್ಟರು. ಕೊಳೆತ ಮರದಲ್ಲಿ ಇರುಳು ಹೊಳೆಯುವ ಅಣಬೆಯ ಬೆಳಕು ಎಂದು ಅದರ ಅರ್ಥ. ಮಾಂಸ ಕೆಡದಂತಿಡುವ ಬಗೆ, ಮರದ ದಿಮ್ಮಿಯ ಮನೆ ಕಟ್ಟುವ ಬಗೆ, ಎಲ್ಲವೂ ಅಜ್ಜ ಅಜ್ಜಿಯರ ಮಾತಿನಲ್ಲಿಯೇ ಅಚ್ಚಾದವು. 1972ರಲ್ಲಿ ಅವು ಪುಸ್ತಕವಾಗಿ ಬಂದು ದೇಶದಲ್ಲೆಲ್ಲ ಓದಲ್ಪಟ್ಟವು.

ಇದನ್ನು ಕೇಳಿದ ನಮ್ಮ ಹುಡುಗನು ಮರುದಿನ ಪಾಟಿಯ ಮೇಲೆ ತನ್ನ ಅಜ್ಜಿಯ ಸಜ್ಜೆಯ ಕಡಕ್ ರೊಟ್ಟಿಯ ಕ್ರಮವನ್ನು ಬರೆದು ತಂದನು. ಎಸರಿನ ನೀರಿನ ಅಳತೆಯನ್ನು ಬರೆದಿರಲಿಲ್ಲ. ಏಕೆಂದು ಕೇಳಿದೆವು. "ಹಿಟ್ಟು ಎಷ್ಟು ಬೇಡತದ ಅಷ್ಟು ಅಂದಳ್ರಿ" ಎಂದನು.