ಒಬ್ಬ ಮುದುಕಿಗೆ ಬಿಟ್ಟುಕೊಟ್ಟ ಹಾಸಿಗೆ



ಜುಲೈ 26ರಂದು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಅದರ ಆಸುಪಾಸಿನಲ್ಲೇ, ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು, ಅಜ್ಜ-ಅಜ್ಜಿಯರ ಮತ್ತು ವೃದ್ಧರ ದಿನವೆಂದು ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಗೊತ್ತುಮಾಡಿದರು. ಅಂದು ಬಲಿಪೂಜೆ ಮುಗಿದ ಮೇಲೆ ಹಿರಿಯರಿಗೆ ಹೂವು ಕೊಡುತ್ತೇವೆ, ಫೋಟೊ ತೆಗೆಯುತ್ತೇವೆ. ಒಳ್ಳೆಯದೇ. ಆದರೆ ಹಾಸಿಗೆ ಹಿಡಿದು ದೇವಾಲಯಕ್ಕೆ ಬರಲಾಗದವರಿಗೆ?

ಹೊಸರಿತ್ತಿ, ಬ್ಯಾಡಗಿ, ರಾಣೆಬೆನ್ನೂರಿನ ಕಡೆ ಮಕ್ಕಳೆಲ್ಲ ದುಡಿಮೆಗೆಂದು ಊರು ಬಿಟ್ಟ ಮನೆಗಳಲ್ಲಿ ಈ ಪ್ರಶ್ನೆ ದಿನವೂ ಇದೆ. "ಆಶ್ರಮಕ್ಕೆ ಹಾಕಿದರಂತೆ" ಎಂಬ ಮಾತು ನಮ್ಮಲ್ಲಿ ಬೈಗುಳದಂತೆ ಕೇಳಿಸುತ್ತದೆ. ಅಂಥ ಒಂದು ಆಶ್ರಮ ಹುಟ್ಟಿದ ಬಗೆಯನ್ನು ತಿಳಿದರೆ ಆ ಮಾತನ್ನು ಸ್ವಲ್ಪ ನಿಧಾನವಾಗಿ ಆಡುತ್ತೇವೇನೋ.

1839ರ ಚಳಿಗಾಲ. ಫ್ರಾನ್ಸ್ ದೇಶದ ಸೇಂಟ್ ಸರ್ವಾನ್ ಎಂಬ ಕಡಲತೀರದ ಊರು. ಜೀನ್ ಜುಗಾನ್ ಎಂಬ ಕೆಲಸದಾಕೆಗೆ ಆಗ 47 ವರ್ಷ. ಬಾಡಿಗೆ ಕೋಣೆಗಳಲ್ಲಿ ಇನ್ನಿಬ್ಬರು ಹೆಂಗಸರೊಡನೆ ವಾಸ. ಕಣ್ಣು ಕಾಣದ, ಅರ್ಧ ಮೈ ಸ್ವಾಧೀನ ತಪ್ಪಿದ ಆನ್ ಶೊವಾಂ ಎಂಬ ವಿಧವೆಯನ್ನು ಆಕೆ ಮನೆಗೆ ಹೊತ್ತು ತಂದಳು. ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟದ ಮೇಲೆ ಮಲಗಿದಳು. ಎರಡು ವರ್ಷದೊಳಗೆ ಹನ್ನೆರಡು ಮುದುಕಿಯರಾದರು.

ಅವರಲ್ಲಿ ಕೆಲವರು ಅದುವರೆಗೆ ಭಿಕ್ಷೆ ಬೇಡಿ ಬದುಕಿದವರು. ನಿಮಗೆ ಕೊಡುತ್ತಿದ್ದ ಮನೆಗಳು ಯಾವುವು ಎಂದು ಕೇಳಿ, ಜೀನ್ ತಾನೇ ಬುಟ್ಟಿ ಹಿಡಿದು ಆ ಬಾಗಿಲುಗಳಿಗೆ ಹೋದಳು. ಮುದುಕಿಯರ ಅವಮಾನವನ್ನು ತಾನು ಹೊತ್ತಳು. ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಹೀಗೆ ಹುಟ್ಟಿದ್ದು 'ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್' ಸಭೆ. 1843ರಲ್ಲಿ ಸೋದರಿಯರು ಆಕೆಯನ್ನೇ ಮತ್ತೆ ಮೇಲಧಿಕಾರಿಣಿಯಾಗಿ ಆರಿಸಿದರೂ, ಲೆ ಪಯೊರ್ ಎಂಬ ಗುರು ಆ ಆಯ್ಕೆಯನ್ನು ರದ್ದುಮಾಡಿದರು. ಮುಂದೆ ಸ್ಥಾಪಕರ ಪಟ್ಟವನ್ನೂ ಅವರೇ ಕಟ್ಟಿಕೊಂಡರು. (ಗುರುಗಳಾದ ನಾವು ಓದಿ ತಲೆತಗ್ಗಿಸಬೇಕಾದ ಪುಟವಿದು.) 1852ರಿಂದ ಜೀನ್ ಮೂಲೆಗೆ ಸರಿದಳು. ಜೊತೆಗಿದ್ದ ನವದೀಕ್ಷಿತರಿಗೂ ಈಕೆಯೇ ಸ್ಥಾಪಕಿ ಎಂದು ತಿಳಿದಿರಲಿಲ್ಲ. 1879ರ ಆಗಸ್ಟ್ 29ರಂದು 86ನೇ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಕುರುಡಾಗಿ, ತಾನೇ ಒಬ್ಬ ಮುದುಕಿಯಾಗಿ ತೀರಿಕೊಂಡಳು. 2009ರ ಅಕ್ಟೋಬರ್ 11ರಂದು ಜಗದ್ಗುರು 16ನೇ ಬೆನೆಡಿಕ್ಟರು ಆಕೆಯನ್ನು ಸಂತಳೆಂದು ಘೋಷಿಸಿದರು.

ಈ ಸೋದರಿಯರು 1882ರಲ್ಲಿ ಕಲ್ಕತ್ತೆಗೆ, 1900ರಲ್ಲಿ ಬೆಂಗಳೂರಿಗೆ ಬಂದರು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮ ಅಂದಿನದು. ಕಾಯಂ ವರಮಾನದ ಆಸ್ತಿ ಬೇಡ, ದೇವರ ಪರಾಮರಿಕೆ ಸಾಕು ಎಂಬುದು 1865ರಲ್ಲೇ ಸಭೆ ಮಾಡಿಕೊಂಡ ತೀರ್ಮಾನ. ಅದಕ್ಕೇ ಬುಟ್ಟಿ ಇನ್ನೂ ಅವರ ಕೈ ಬಿಟ್ಟಿಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಆಪರೇಷನ್ ಮಾಡುವ ಖಾಸಗಿ ದವಾಖಾನೆ. ಅಮೆರಿಕದಲ್ಲಿ ಅದೇ ಹೆಸರು ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ. ಅಲ್ಲಿ ಸಿಬ್ಬಂದಿಯ ಅನುಕೂಲಕ್ಕಾಗಿ ಹಿರಿಯರನ್ನು ಕಟ್ಟಿಹಾಕಬಾರದೆಂದು ಹೇಳಲು 1987ರಲ್ಲಿ ಕಾನೂನೇ ಬರಬೇಕಾಯಿತು. ನಮ್ಮ ದೇಶದಲ್ಲೂ 2007ರಲ್ಲಿ ತಂದೆತಾಯಿಗಳ ಪೋಷಣೆಗೆ ಕಾಯಿದೆ ಬಂತು. ನಾಲ್ಕನೇ ಕಟ್ಟಳೆಯನ್ನು ಬಾಯಿಪಾಠ ಮಾಡಿದ ನಮಗೂ ಅದು ಅನ್ವಯಿಸುತ್ತದೆ.

ಆದರೆ ಆರೈಕೆ ಎಂಬುದು ಕಾಯಿದೆಯಲ್ಲಿ ಬರೆಯಲಾಗದ ಸಣ್ಣ ಕೆಲಸಗಳ ಸರಮಾಲೆ. ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು. ಮಲಗಿಸಿಕೊಂಡು ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಕೂರಿಸಿ, ಗುಟುಕು ಗುಟುಕಾಗಿ ಕೊಡಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಬೇಕು. ಕೇಳಿದ ಕಥೆಯನ್ನೇ ಹತ್ತನೇ ಸಲ ಕೇಳಬೇಕು. ಸೊಸೆಯೊಬ್ಬಳೇ ಹಗಲು ಹೊಲ, ರಾತ್ರಿ ಇದೆಲ್ಲ ಮಾಡುವ ಮನೆಯಲ್ಲಿ, ತಿಂಗಳಿಗೆ ದುಡ್ಡು ಕಳಿಸಿದೆನೆಂದು ಬೆಂಗಳೂರಿನ ಮಗ ನಿಶ್ಚಿಂತೆಯಿಂದ ಇರುವಂತಿಲ್ಲ. ಮನೆಯಲ್ಲಿ ಆಗದು ಎಂದಾದಾಗ ಆಶ್ರಮಕ್ಕೆ ಒಪ್ಪಿಸುವುದು ಪಾಪವಲ್ಲ. ಒಪ್ಪಿಸಿ ತಿರುಗಿ ನೋಡದಿರುವುದು ಬೇರೆ ಮಾತು.

ಲಿಟಲ್ ಸಿಸ್ಟರ್ಸ್ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಯಾರಿಗಾದರೂ ಕೊನೆಯ ಗಳಿಗೆ ಹತ್ತಿರವಾಯಿತೆಂದರೆ ಸೋದರಿಯರು ಹಗಲೂ ರಾತ್ರಿ ಸರದಿಯ ಮೇಲೆ ಆ ಮಂಚದ ಬಳಿ ಕೂರುತ್ತಾರೆ. ಮಕ್ಕಳು ಬಂದರೆ ಅವರಿಗೂ ಪಕ್ಕದಲ್ಲಿ ಜಾಗವಿರುತ್ತದೆ.