ವೀಣೆಯ ಊರಿನಲ್ಲಿ ಪಿಯಾನೊ ಪಾಠ

ಮೈಸೂರು ಎಂದರೆ ವೀಣೆ ಶೇಷಣ್ಣನವರ ಊರು, ವೀಣೆ ವೆಂಕಟಗಿರಿಯಪ್ಪನವರ ಊರು. ಅದೇ ಊರಿನಲ್ಲಿ ಒಡಹುಟ್ಟಿದವರಿಬ್ಬರು ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತರು. ಅಣ್ಣ ಜಯಚಾಮರಾಜೇಂದ್ರ ಒಡೆಯರ್, ತಂಗಿ ವಿಜಯದೇವಿ. ಅಣ್ಣನ ಹೆಸರು ಕನ್ನಡಿಗರೆಲ್ಲರಿಗೂ ಗೊತ್ತು. ಮಹಿಳಾ ವೇದಿಕೆಯ ಈ ಸಂಚಿಕೆಯಲ್ಲಿ ತಂಗಿಯನ್ನೂ ನೆನೆಯೋಣ ಎಂದು ಈ ಬರಹ.

ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಈ ಮಕ್ಕಳಲ್ಲಿ ಅಣ್ಣ ಹುಟ್ಟಿದ್ದು 1919ರಲ್ಲಿ, ತಂಗಿ 1922ರಲ್ಲಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದಕ್ಕೂ ಜಾಗವಿತ್ತು. ವಿಜಯದೇವಿಯವರಿಗೆ ವೀಣೆ ಹೇಳಿಕೊಟ್ಟವರು ವೆಂಕಟಗಿರಿಯಪ್ಪನವರು. ಪಿಯಾನೊ ಹೇಳಿಕೊಟ್ಟವರು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್. ಮುಂದೆ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಡಾ. ಆಲ್ಫ್ರೆಡ್ ಮಿಸ್ಟೋವ್‌ಸ್ಕಿ ಅವರಿಂದಲೂ ಪಾಠವಾಯಿತು.

ಎರಡು ವಾದ್ಯಗಳ ಪಾಠವನ್ನು ಒಟ್ಟಿಗೆ ಕಲಿಯುವುದು ಸುಲಭವಲ್ಲ. ವೀಣೆಯಲ್ಲೂ ಪಿಯಾನೊದಲ್ಲೂ ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳು. ಆದರೆ ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ತರಬಹುದು. ಪಿಯಾನೊದಲ್ಲಿ ಮಣೆಯನ್ನು ಒತ್ತಿದ ಮೇಲೆ ಆ ಸ್ವರ ಅಲುಗುವುದಿಲ್ಲ. ಜೋರು, ಮೆಲು ಎಲ್ಲವೂ ಬೆರಳು ಬೀಳುವ ರೀತಿಯಲ್ಲೇ ತೀರ್ಮಾನವಾಗಬೇಕು. ವೀಣೆಯ ಪಾಠ ಮುಖ್ಯವಾಗಿ ಗುರು ನುಡಿಸಿದ್ದನ್ನು ಕೇಳಿ ಕಲಿಯುವಂಥದ್ದು. ಪಿಯಾನೊದಲ್ಲಿ ಎದುರಿಗಿರುವ ಕಾಗದದ ಎರಡು ಸಾಲುಗಳನ್ನು ಒಟ್ಟಿಗೆ ಓದುತ್ತ, ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಇನ್ನೊಂದು ನುಡಿಸಬೇಕು. ಮಣಿಕಟ್ಟು ಬಿಗಿಯಾಗಿದೆಯೇ, ಯಾವ ಬೆರಳು ಎಲ್ಲಿ ಬಿತ್ತು ಎಂದು ಪಕ್ಕದಲ್ಲೇ ಕುಳಿತು ನೋಡುವ ಗುರು ಬೇಕಾಗುವುದು ಇದಕ್ಕೇ.

ಅಣ್ಣನಿಗೆ ವೇದಿಕೆಯ ಪಿಯಾನೊ ವಾದಕನಾಗುವ ಆಸೆಯಿತ್ತು. ಆದರೆ 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಬಂತು. ಅವರು ಕಲಿಕೆಯನ್ನು ಬಿಡಲಿಲ್ಲ. ಪಟ್ಟವೇರಿದ ಐದು ವರ್ಷಕ್ಕೆ, 1945ರಲ್ಲಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಇದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದರು. ಒಂದು ಸಂಗೀತ ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ತಂಗಿಯ ದಾರಿ ನಮಗೆ ಹೆಚ್ಚು ಪರಿಚಿತವಾದದ್ದು. 1941ರಲ್ಲಿ ಸೌರಾಷ್ಟ್ರದ ಕೋಟ್ಡಾ ಸಾಂಗಾಣಿ ಸಂಸ್ಥಾನದ ಠಾಕೂರರೊಂದಿಗೆ ಮದುವೆಯಾಯಿತು. ಬೇರೆ ಭಾಷೆ, ಬೇರೆ ಊರು, ಹೊಸ ಮನೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಸಂಗೀತ ನಿಂತುಹೋಗುವುದು ಇದೇ ತಿರುವಿನಲ್ಲಿ. ಮದುವೆಗೆ ಮುಂಚೆ ಕಲೀತಿದ್ದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವಿಜಯದೇವಿ ಹಾಗೆ ಹೇಳಬೇಕಾಗಿ ಬರಲಿಲ್ಲ. ಮದುವೆಯ ನಂತರ ನ್ಯೂಯಾರ್ಕಿಗೆ ಹೋದಾಗ ಅಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಅವರ ಬಳಿ ಮತ್ತೆ ಶಿಷ್ಯೆಯಾದರು. ಸ್ಟಾಯರ್‌ಮನ್, ಆಧುನಿಕ ಪಾಶ್ಚಾತ್ಯ ಸಂಗೀತದ ದಿಕ್ಕನ್ನೇ ಬದಲಿಸಿದ ಷೋನ್‌ಬರ್ಗ್ ಅವರ ಆಪ್ತ ವಲಯದ ಪಿಯಾನೊ ವಾದಕ. ಕಾನ್ವೆಂಟಿನಲ್ಲಿ ಶುರುವಾದ ಪಾಠ ಅಲ್ಲಿಯವರೆಗೆ ನಡೆಯಿತು. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ, ತಾವು ಕಲಿತ ಎರಡೂ ಸಂಗೀತಗಳಿಗೆ ವೇದಿಕೆ ಒದಗಿಸಿದರು. 2005ರಲ್ಲಿ ನಿಧನರಾದರು.

ಅರಮನೆಯವರಿಗೆ ಹಣವಿತ್ತು, ಆಳುಕಾಳುಗಳಿದ್ದರು, ನಮಗೇನಿದೆ ಎಂದು ಕೇಳಬಹುದು. ನಿಜ. ಅಂದು ಪಿಯಾನೊ ಎಂದರೆ ಅರಮನೆ, ಚರ್ಚು, ಕಾನ್ವೆಂಟುಗಳ ಸೊತ್ತು. ಇಂದು ಮುನಿರ್ಕಾದ ಎರಡು ಕೋಣೆಯ ಫ್ಲಾಟಿನಲ್ಲೂ ಗೋಡೆಗೆ ಒರಗಿಸಿ ಒಂದು ಡಿಜಿಟಲ್ ಪಿಯಾನೊ ಇಡಬಹುದು. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹತ್ತರ ಮೇಲೂ ಪಕ್ಕದ ಮನೆಯವರಿಗೆ ತೊಂದರೆಯಿಲ್ಲ. ಮನೆಗೇ ಬಂದು ಹೇಳಿಕೊಡುವ ಶಿಕ್ಷಕರಿದ್ದಾರೆ. ಸ್ವಲ್ಪ ದೂರದ ಚಾಣಕ್ಯಪುರಿಯಲ್ಲಿ ದೆಹಲಿ ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಟ್ರಿನಿಟಿಯ ಪರೀಕ್ಷೆಗಳನ್ನು ನಮ್ಮ ಮಕ್ಕಳೂ ಗ್ರೇಡ್ ಒಂದರಿಂದ ಎಂಟರವರೆಗೆ ಕಟ್ಟಬಹುದು. ಅದಕ್ಕೆ ವಯಸ್ಸಿನ ಮಿತಿಯಿಲ್ಲ ಎಂಬುದನ್ನು ಮಾತ್ರ ನಾವು ಮರೆತಿರುತ್ತೇವೆ.

ಮಗುವನ್ನು ಪಾಠಕ್ಕೆ ಬಿಟ್ಟು ಹೊರಗೆ ಕುಳಿತು ಆಫೀಸಿನ ಕಾಲ್ ಮುಗಿಸುವ ತಾಯಂದಿರು ನಮ್ಮಲ್ಲಿ ಅನೇಕರು. ಫೀಸು ಕಟ್ಟುವವರು ನಾವೇ, ಅಭ್ಯಾಸ ಮಾಡು ಎಂದು ಗದರುವವರೂ ನಾವೇ. ನನಗೂ ವಾರಕ್ಕೆ ಅರ್ಧ ಗಂಟೆ ಹೇಳಿಕೊಡುತ್ತೀರಾ ಎಂದು ಆ ಶಿಕ್ಷಕರನ್ನು ಕೇಳಲು ಮಾತ್ರ ಸಂಕೋಚ. ರಾಜ್ಯಭಾರದ ನಡುವೆ ಅಣ್ಣ ಕಲಿತರು, ಸಂಸಾರದ ನಡುವೆ ತಂಗಿ ಕಲಿತರು. ಗೆಳತಿಯರೇ, ಈ ಸಲ ಮಗುವಿನ ಪಾಠ ಮುಗಿದ ಮೇಲೆ ಆ ಒಂದು ಪ್ರಶ್ನೆಯನ್ನು ಕೇಳಿ ನೋಡಿ.