ಜಡೆ ಅಲುಗಿದ ಕವಿ, ಓಲೆ ಓದಿದ ಪಂಡಿತ

ನಮ್ಮ ಪೂರ್ವಕವಿಗಳ ಕಾವ್ಯಗಳು ಉಳಿದಿವೆ; ಅವರ ದಿನಚರಿ ಉಳಿದಿಲ್ಲ. ಕವಿಯು ಎಲ್ಲಿ ಕುಳಿತು ಬರೆಯುತ್ತಿದ್ದನು, ತಕ್ಕ ಮಾತು ತೋರದಾಗ ಏನು ಮಾಡುತ್ತಿದ್ದನು ಎಂಬುದನ್ನು ಬರೆದಿಡುವ ರೂಢಿ ಅಂದು ಇರಲಿಲ್ಲ. ಆದರೂ ಒಮ್ಮೊಮ್ಮೆ ಇನ್ನೊಬ್ಬ ಕವಿಯ ಚಿಕ್ಕದೊಂದು ಶ್ಲೋಕದಲ್ಲಿ ಬಾಗಿಲು ಅರೆತೆರೆದು ಒಳಗಿನ ನೋಟ ಕಾಣುವುದುಂಟು.

೯ನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ಮೊದಲಲ್ಲಿ ಹಿಂದಿನ ಕವಿಗಳನ್ನು ನೆನೆಯುತ್ತ ಜಟಾಚಾರ್ಯನೆಂಬವನಿಗೆ ಒಂದು ಶ್ಲೋಕವನ್ನು ಮೀಸಲಿಟ್ಟಿದ್ದಾರೆ. ಅವನು ಕಾವ್ಯವನ್ನು ಚಿಂತಿಸುತ್ತಿರುವಾಗ ಅವನ ಜಡೆಗಳು ಜೋರಾಗಿ ಅಲುಗಾಡುತ್ತಿದ್ದುವಂತೆ. ನೋಡುವವರಿಗೆ ಆ ಜಡೆಗಳೇ ಅರ್ಥವನ್ನು ಬಿಡಿಸಿ ಹೇಳುತ್ತಿರುವಂತೆ ತೋರುತ್ತಿತ್ತಂತೆ. ಸ್ತುತಿಯೆಂದರೆ ಹೀಗಿರಬೇಕು! ಕವಿಯನ್ನು ಸೂರ್ಯನೆನ್ನಲಿಲ್ಲ, ಸಮುದ್ರವೆನ್ನಲಿಲ್ಲ. ಕೆಲಸಕ್ಕೆ ಕುಳಿತ ಮನುಷ್ಯನ ತಲೆ ತೂಗುವುದನ್ನು ತೋರಿಸಿದರು.

ಈ ಜಟಾಚಾರ್ಯನು ಯಾರು? ಅವನ ಕೃತಿ ಯಾವುದು? ಕ್ರಿ. ಶ. ೭೮೩ರ ಹರಿವಂಶಪುರಾಣವು ವರಾಂಗಚರಿತವೆಂಬ ಕಾವ್ಯವನ್ನು ಹೊಗಳಿ, ಬರೆದವನ ಹೆಸರನ್ನು ಮಾತ್ರ ಹೇಳದೆ ಬಿಟ್ಟಿತ್ತು. ಪಕ್ಕದಲ್ಲಿಯೇ ರವಿಷೇಣನ ಸ್ತುತಿ ಇದ್ದುದರಿಂದ ಅದೂ ಅವನದೇ ಎಂಬ ಎಣಿಕೆ ಕೆಲವರಲ್ಲಿ ಹುಟ್ಟಿತು. ಹೀಗೆ ಒಬ್ಬನ ದುಡಿಮೆ ಇನ್ನೊಬ್ಬನ ಲೆಕ್ಕಕ್ಕೆ ಸೇರಿತು. ಇದನ್ನು ತಿದ್ದಿದವರು ಚಿಕ್ಕೋಡಿಯ ಸೀಮೆಯವರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಾಡು ಕೃಷ್ಣೆಯೂ ಅವಳ ಉಪನದಿಗಳೂ ಹರಿಯುವ ಕರಿಯ ಮಣ್ಣಿನ ನಾಡು. ಅಲ್ಲಿ ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತವೆ. ಜೈನ ಬಸದಿಗಳು ಆ ಕಡೆ ಹೇರಳ. ಬಸದಿಯ ಪೂಜೆಯ ಮನೆತನದವರಿಗೆ ಉಪಾಧ್ಯೆ ಎಂದು ಹೆಸರು. ದೂಧಗಂಗೆಯ ದಡದ ಸದಲಗದಲ್ಲಿ ೧೯೦೬ರ ಫೆಬ್ರವರಿ ೬ರಂದು ಆದಿನಾಥ ನೇಮಿನಾಥ ಉಪಾಧ್ಯೆಯವರು ಹುಟ್ಟಿದರು. ೧೯೩೦ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿ, ೧೯೬೨ರವರೆಗೆ ಅಲ್ಲಿಯೇ ದುಡಿದರು.

ಇಂತಹ ಪಂಡಿತನ ದೈನಂದಿನ ಕೆಲಸವೆಂದರೇನು? ತಾಳೆಯೋಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ದಕಾರ ಧಕಾರಗಳ, ಪಕಾರ ವಕಾರಗಳ ಭೇದ ಬಹಳ ಸಲ ಕಣ್ಣಿಗೆ ಹತ್ತದು. ಅಂಚು ಮುರಿದಿರುತ್ತದೆ, ಹುಳು ಕೊರೆದ ಕಡೆ ಎರಡು ಅಕ್ಷರ ಹೋಗಿರುತ್ತವೆ. ಒಂದು ಪ್ರತಿಯನ್ನು ಇನ್ನೊಂದರೊಡನೆ ಸಾಲು ಸಾಲಾಗಿ ಹೋಲಿಸಿ, ಭಿನ್ನಪಾಠವನ್ನು ಅಡಿಯಲ್ಲಿ ಗುರುತಿಸಿ, ತನಗೆ ಚೆಂದವೆನಿಸಿದ್ದನ್ನಲ್ಲ, ಕವಿ ಬರೆದಿರಬಹುದಾದದ್ದನ್ನು ಮೇಲೆ ಇಡಬೇಕು. ಯೋಗೀಂದುವಿನ ಪರಮಾತ್ಮಪ್ರಕಾಶವನ್ನು ಅವರು ೧೯೩೭ರಲ್ಲಿ ಹೀಗೆಯೇ ಹೊರತಂದರು. ಅಪಭ್ರಂಶದ ದೋಹೆಗಳು ಅವು, ಎರಡೆರಡು ಪಂಕ್ತಿಯ ಪುಟ್ಟ ಪದ್ಯಗಳು. ಚಿಕ್ಕ ಪದ್ಯದಲ್ಲಿ ಒಂದಕ್ಷರ ತಪ್ಪಿದರೆ ಅರ್ಧ ಅರ್ಥವೇ ಹೋಯಿತು. ದೊಡ್ಡ ಕಾವ್ಯದಂತೆ ಮುಂದಿನ ಪದ್ಯ ಬಂದು ಕೈ ಹಿಡಿಯುವುದಿಲ್ಲ.

ವರಾಂಗಚರಿತದ ಓಲೆಪ್ರತಿಯು ಅವರಿಗೆ ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ದೊರೆಯಿತು. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಉದ್ಯೋತನಸೂರಿಯು ೭೭೯ರಲ್ಲಿ ಮುಗಿಸಿದ ಪ್ರಾಕೃತ ಕುವಲಯಮಾಲೆಯ ಒಂದು ಗಾಹೆಯಲ್ಲಿ ವರಾಂಗ, ಪದ್ಮ ಎಂಬ ಎರಡು ಚರಿತಗಳಿಗೆ ಸರಿಯಾಗಿ ಜಟಿಲ, ರವಿಷೇಣ ಎಂಬ ಎರಡು ಹೆಸರುಗಳಿವೆ. ನಮ್ಮ ಚಾವುಂಡರಾಯನು ತನ್ನ ೯೭೮ರ ಪುರಾಣದಲ್ಲಿ ಜಟಾಸಿಂಹನಂದಿಯ ಹೆಸರಿನಿಂದ ಪದ್ಯವನ್ನು ಎತ್ತಿಕೊಂಡಿದ್ದಾನೆ. ಕೊಪ್ಪಳದ ಬೆಟ್ಟದ ಮೇಲೆ ಜೋಡಿ ಪಾದಗಳೂ, ಅವು ಜಟಾಸಿಂಗನಂದ್ಯಾಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹೇಳುವ ಕಿರಿಯ ಬರಹವೂ ಇವೆ. ಬಿಡಿಬಿಡಿಯಾಗಿದ್ದ ಈ ಸಣ್ಣ ಸಾಕ್ಷಿಗಳನ್ನು ಉಪಾಧ್ಯೆಯವರು ಒಟ್ಟಿಗಿಟ್ಟು ನೋಡಿದರು. ೧೯೩೮ರಲ್ಲಿ ಕಾವ್ಯವು ಅಚ್ಚಾದಾಗ ಅದರ ಮೇಲೆ ಜಟಾಸಿಂಹನಂದಿಯ ಹೆಸರಿತ್ತು. ಸಾವಿರದ ಮೇಲೆ ವರ್ಷಗಳಾದ ಬಳಿಕ ಕವಿಗೆ ಅವನ ಕೆಲಸ ಮರಳಿ ಸಂದಿತು.

ಕುವಲಯಮಾಲೆಯನ್ನೂ ಮುಂದೆ ಅವರೇ ಸಂಪಾದಿಸಿದರು: ಮೂಲವು ೧೯೫೯ರಲ್ಲಿ, ಪೀಠಿಕೆಯ ಸಂಪುಟವು ೧೯೭೦ರಲ್ಲಿ ಬಂದುವು. ಅದರಲ್ಲಿ ವಿಜಯಪುರಿಯ ಅಂಗಡಿಬೀದಿಯ ವರ್ಣನೆಯೊಂದುಂಟು. ಗುರ್ಜರರು, ಲಾಟರು, ಮಹಾರಾಷ್ಟ್ರರು, ಆಂಧ್ರರು, ಕರ್ಣಾಟಕರು ಮುಂತಾದ ನಾನಾ ದೇಶದ ವರ್ತಕರು ಅಲ್ಲಿ ನೆರೆದಿದ್ದಾರೆ. ಕವಿಯು ಒಬ್ಬೊಬ್ಬರ ಮೈಕಟ್ಟು, ಸ್ವಭಾವಗಳನ್ನು ಒಂದೊಂದು ಗಾಹೆಯಲ್ಲಿ ಬರೆದು, ಅವರವರ ಬಾಯಿಯ ಎರಡೋ ಮೂರೋ ಮಾತುಗಳನ್ನು ಕೇಳಿದಂತೆಯೇ ಸೇರಿಸಿದ್ದಾನೆ. ದೂರದ ಜಾವಾಲಿಪುರದಲ್ಲಿ ಬರೆದವನ ಕಿವಿಗೆ ಕನ್ನಡಿಗನ ಮಾತೂ ಬಿದ್ದಿತ್ತು. ಎರಡು ನುಡಿಗಳ ಸಂತೆಯ ನಾಡಿನಲ್ಲಿ ಬೆಳೆದವರ ಕೈಗೇ ಹಲವು ನುಡಿಗಳ ಈ ಸಂತೆಯನ್ನು ತಿದ್ದಿ ಕೊಡುವ ಕೆಲಸ ಬಂದುದು ಎಷ್ಟು ಒಪ್ಪವಾದ ಸಂಗತಿ!

೧೯೫೬ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಸದಲಗವು ಮೈಸೂರು ರಾಜ್ಯಕ್ಕೆ ಸೇರಿತು, ಕೊಲ್ಲಾಪುರವು ಆಚೆ ಉಳಿಯಿತು. ಆ ಗೆರೆಯ ಜಗಳ ಇಂದಿಗೂ ತೀರಿಲ್ಲ. ಆದರೆ ಆಚೆಯ ಊರಿನಲ್ಲಿ ಬಾಳಿದ ಈ ವಿದ್ವಾಂಸರನ್ನು ಕನ್ನಡಿಗರು ೧೯೬೭ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಅವರು ಪ್ರಾಕೃತವನ್ನು ಬೋಧಿಸಿದರು. ೧೯೭೫ರ ಅಕ್ಟೋಬರಿನಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು.

ಒಂದು ಶ್ಲೋಕ, ಒಂದು ಗಾಹೆ, ಬಂಡೆಯ ಮೇಲಿನ ಒಂದು ಕಿರುಬರಹ: ಇವುಗಳಲ್ಲಿ ಒಂದು ಕೆಟ್ಟುಹೋಗಿದ್ದರೂ ಸಾಕ್ಷಿ ಸೊರಗುತ್ತಿತ್ತು. ಕಂಡದ್ದನ್ನು ಚಿಕ್ಕದಾಗಿಯೇ ಆದರೂ ನಿಜವಾಗಿ ಬರೆದಿಟ್ಟವರು, ಅದನ್ನು ಕೆಡದಂತೆ ನಕಲು ಮಾಡಿದವರು, ತಾಳ್ಮೆಯಿಂದ ಓದಿದವರು, ಈ ಮೂವರೂ ಕೂಡಿದ್ದರಿಂದಲೇ ಅಲುಗುವ ಆ ಜಡೆಗಳು ಯಾರವೆಂದು ನಾವಿಂದು ಹೇಳಬಲ್ಲೆವು.